ಸಾಂಗ್ಲಿವಾಡಿಯ ಕೆಂಪು ಗೆರೆ

ಸುಣ್ಣ ಹಚ್ಚುವ ಮೊದಲು ಗೋಡೆಯನ್ನು ಕೆರೆಯಬೇಕು. ಮೊನ್ನೆ, ದೀಪಾವಳಿಗೆ ಇನ್ನೊಂದು ವಾರವಿದೆ ಎನ್ನುವಾಗ, ಸಾಂಗ್ಲಿವಾಡಿಯ ಬಾಳೂ ಕಾಕಾನ ಮನೆಗೆ ಹೋದೆ. ಕಾಕಾನ ಮಗಳು ಸುನೀತಾ ತಲೆಗೆ ಟವೆಲು ಸುತ್ತಿಕೊಂಡು ಪಡಸಾಲೆಯ ಗೋಡೆ ಕೆರೆಯುತ್ತಿದ್ದಳು. ಬುಧಗಾಂವದ ಶಾಲೆಯಲ್ಲಿ ಪಾಠ ಹೇಳುವ ಅವಳು ರಜೆ ಬಂತೆಂದರೆ ಮನೆಯ ಮೇಲೆ ಹೀಗೆ ದಂಡೆತ್ತಿ ಹೋಗುತ್ತಾಳೆ. ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಅದರ ಹಿಂದಿನಿಂದ ಒಂದು ವಾಸನೆ ಎದ್ದಿತು. ಹೊಳೆಯ ರಾಡಿ, ಕೊಳೆತ ಕಬ್ಬಿನ ರವದಿ, ಸೀಮೆಎಣ್ಣೆ ಎಲ್ಲ ಕೂಡಿದ ವಾಸನೆ. ಅದರ ಮೇಲೆ ಎಷ್ಟು ಸಲ ಸುಣ್ಣ ಬಳಿದಿದ್ದಾರೋ, ಗೋಡೆ ಅದನ್ನು ಇನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡೇ ಕೂತಿದೆ. 

ಸುನೀತಾ ಕೆರೆಯುವ ಪಟ್ಟಿಯನ್ನು ಗೋಡೆಗೆ ಆನಿಸಿ ನನ್ನ ಕಡೆ ತಿರುಗಿದಳು.

"ದಾದಾ, ಇದನ್ನ ಏನ್ ಮಾಡ್ಲಿ? ಈ ಸಲಾರ ಕೆರದ ತಗದ ಬಿಡ್ಲ್ಯಾ?"

'ಇದು' ಎಂದರೆ ಒಂದು ಕೆಂಪು ಗೆರೆ. ಹೆಬ್ಬೆರಳು ದಪ್ಪ, ಆಳಿನ ಭುಜದಷ್ಟು ಎತ್ತರದಲ್ಲಿ, ಪಡಸಾಲೆಯ ಈ ಮೂಲೆಯಿಂದ ಆ ಮೂಲೆಯವರೆಗೆ. ಅದಕ್ಕಿಂತ ಒಂದು ಮೊಳ ಮೇಲೆ ಇನ್ನೊಂದು ಗುರುತಿದೆ, ಚಹಾದ ಕಲೆಯಂತೆ ಕಂದು ಬಣ್ಣದ್ದು. ಕೆಳಗಿನದನ್ನು ಎಳೆದವನು ನಾನು. ಮೇಲಿನದನ್ನು ಎಳೆದದ್ದು ಹೊಳೆ.

ತೂಗುಮಂಚದ ಮೇಲೆ ಕಾಕಾ ಕೂತಿದ್ದರು. ಕಿವಿ ಮಂದವಾಗಿದೆ, ನೆನಪು ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ನಾನು ಕಾಕಾನ ಪಕ್ಕ ಹೋಗಿ ಕೂತೆ. ಕೂತವನಿಗೆ ಹೊಳೆ ಆ ಗುರುತು ಎಳೆದ ಮಳೆಗಾಲವೆಲ್ಲ ಕಣ್ಣ ಮುಂದೆ ಬಂತು.

ನನ್ನ ಊರು ಮಿರಜದ ಹತ್ತಿರದ ಮಾಲಗಾಂವ. ಅಪ್ಪನದು ದ್ರಾಕ್ಷಿ ತೋಟ. ಅಪ್ಪನ ತಮ್ಮ ಬಾಳೂ ಕಾಕಾ, ಹೆಂಡತಿ ಕಾಕೂನ ತವರಿನ ಹೊಲ ನೋಡಿಕೊಳ್ಳಲು ಸಾಂಗ್ಲಿವಾಡಿಗೆ ಬಂದು ನೆಲೆಸಿದವರು. ಇಂಜಿನಿಯರಿಂಗ್ ಓದುವಾಗ ನಾನು ಇದ್ದದ್ದು ಇದೇ ಮನೆಯಲ್ಲಿ. ದಿನಾ ಸೈಕಲ್ ಮೇಲೆ ಹೊಳೆಯ ಪೂಲು, ಅಂದರೆ ಸೇತುವೆ ದಾಟಿ ಸಾಂಗ್ಲಿಗೆ ಹೋಗುವುದು, ಹೊತ್ತು ಮುಳುಗುವುದರೊಳಗೆ ಮರಳುವುದು. ಜೈನರ ಮನೆ, ಕತ್ತಲಾದ ಮೇಲೆ ಒಲೆ ಹೊತ್ತುವುದಿಲ್ಲ. ಒಂದು ಸಂಜೆ ಲ್ಯಾಬಿನಲ್ಲಿ ತಡವಾಗಿ ಉಪವಾಸ ಬಿದ್ದೆ. ಮರುದಿನದಿಂದ ಕಾಕಾ ಸಂಜೆ ಪೂಲಿನ ತುದಿಗೆ ಬುತ್ತಿ ಹಿಡಿದು ನಿಲ್ಲತೊಡಗಿದರು. ಕೆಲಸ ಸಿಗುವವರೆಗೂ ನಿಂತರು.

ಕೆಲಸ ಸಿಕ್ಕ ಹೊಸತು. ಕೈಗೆ ಎತ್ತರ ಅಳೆಯುವ ಮೂರು ಕಾಲಿನ ಲೆವೆಲ್ ಯಂತ್ರ ಬಂದಿತ್ತು, ತಲೆಗೆ ಎರಡು ಕೊಂಬು ಬಂದಿದ್ದವು. ಅದರ ಹಿಂದಿನ ವರ್ಷ ಹೊಳೆ ಊರೊಳಗೆ ಹೊಕ್ಕಿತ್ತು. ಹಳಬರು ಅಷ್ಟು ನೀರನ್ನು ತಾವು ಕಂಡೇ ಇಲ್ಲ ಎನ್ನುತ್ತಿದ್ದರು. ಆದರೆ ಎಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬ ಸೊಂಟ ಎಂದರೆ ಇನ್ನೊಬ್ಬ ಕುತ್ತಿಗೆ ಎನ್ನುತ್ತಿದ್ದ. ನಾನು ಒಂದು ಭಾನುವಾರ ಯಂತ್ರ ತಂದು ಬಸದಿಯ ಕಟ್ಟೆಯ ಮೇಲೆ ನಿಲ್ಲಿಸಿದೆ, ಪೂಲಿನ ಕಂಬದ ಮೇಲೆ ನೆರೆ ಬಿಟ್ಟುಹೋದ ಗುರುತಿಗೆ ತಾಳೆ ಹಾಕಿದೆ, ಟ್ರ್ಯಾಕ್ಟರ್ ಟ್ರಾಲಿಗೆ ಬಳಿಯಲು ತಂದಿದ್ದ ಕೆಂಪು ಎಣ್ಣೆಬಣ್ಣದಲ್ಲಿ ಕಾಕಾನ ಪಡಸಾಲೆಯಲ್ಲಿ ಗೆರೆ ಎಳೆದೆ. ಓಣಿಯ ಮಂದಿಯೆಲ್ಲ ನೆರೆದಿದ್ದರು. ಕಾಕಾ ಸೊಂಟದ ಮೇಲೆ ಕೈ ಇಟ್ಟು ಕೇಳಿದರು.

"ಅಂದ್ರ ಇದರ ಅರ್ಥ ಏನ್ಪಾ, ಸಾಹೇಬ?"

ಅಲ್ಲಿ ನಾನು ಹೇಳಬೇಕಾದದ್ದು ಒಂದೇ ಮಾತು: ಇಲ್ಲಿಯವರೆಗೆ ನೀರು ಬಂದಿತ್ತು. ಅಷ್ಟು ಮಂದಿ ನನ್ನ ಬಾಯಿ ನೋಡುತ್ತ ನಿಂತಿರುವಾಗ ಅದು ಸಪ್ಪೆ ಎನಿಸಿತು. "ಇದರ ಮ್ಯಾಲ ನೀರು ಬರಂಗಿಲ್ರಿ ಕಾಕಾ" ಎಂದೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಕಾಕಾಗೆ ಮಾತ್ರ ಹಿತ್ತಲ ಗಿಡವೇ ಮದ್ದು. ಮರುವಾರ ಗೌಂಡಿಯನ್ನು ಕರೆಸಿ, ನೀರು ತುಂಬಿದ ಪ್ಲಾಸ್ಟಿಕ್ ನಳಿಗೆ ಹಿಡಿಸಿ, ಆ ಗೆರೆಯನ್ನು ಓಣಿಯ ಎಲ್ಲ ಮನೆಗಳಿಗೂ ಒಯ್ಯಿಸಿದರು. ಎಲ್ಲರ ಪಡಸಾಲೆಯಲ್ಲೂ ಒಂದೇ ಮಟ್ಟದಲ್ಲಿ ಕೆಂಪು ಗೆರೆ. ಗೆರೆಗಿಂತ ಒಂದು ಗೇಣು ಮೇಲೆ ಎಲ್ಲರೂ ಅಟ್ಟ ಕಟ್ಟಿಸಿದರು. ಅರಿಶಿನದ ಚೀಲ, ಮದುವೆಯ ಸೀರೆ, ಮಕ್ಕಳ ಸರ್ಟಿಫಿಕೇಟು ಎಲ್ಲ ಅಟ್ಟದ ಮೇಲೆ. ಕಾಕಾ ಎಮ್ಮೆ ಕಟ್ಟುವ ಗೋಠಾದ ನೆಲವನ್ನೂ ಲೆಕ್ಕ ಹಾಕಿ ಎತ್ತರಿಸಿದರು. ನೀರು ಗೆರೆಯವರೆಗೆ ಬಂದರೂ ಎಮ್ಮೆಯ ಹೊಟ್ಟೆಗೆ ತಾಗಬೇಕು, ಅಷ್ಟೇ. ಪ್ರತಿ ದೀಪಾವಳಿಗೆ ಸುಣ್ಣವಾದ ಮೇಲೆ ಗೆರೆಗೆ ಹೊಸ ಬಣ್ಣ ಬೀಳುತ್ತಿತ್ತು. ನನಗೋ ಒಳಗೊಳಗೇ ಖುಷಿ.

ಆಮೇಲೆ ನಾನು ಊರೂರು ತಿರುಗಿದೆ. ಕಾಲುವೆಯ ಸರ್ವೆ ಮಾಡಿದೆ, ಕಾಂಕ್ರೀಟಿನ ಇಟ್ಟಿಗೆಗಳನ್ನು ಒಡೆಸಿ ಗಟ್ಟಿತನ ನೋಡಿದೆ, ಕೊನೆಗೆ ಸಾಂಗ್ಲಿಗಿಂತ ಬಹಳ ಮೇಲೆ, ಘಟ್ಟದ ಬುಡದಲ್ಲಿರುವ ಒಂದು ಧರಣಕ್ಕೆ ಮುಖ್ಯಸ್ಥನಾಗಿ ಹೋದೆ. ನಮ್ಮ ಕಡೆ ಅಣೆಕಟ್ಟಿಗೆ ಯಾರೂ ಅಣೆಕಟ್ಟು ಅನ್ನುವುದಿಲ್ಲ, ಧರಣ ಅನ್ನುತ್ತಾರೆ. ಧರಣದ ಇಂಜಿನಿಯರ್ ವರ್ಷಕ್ಕೆ ಎರಡು ಸಲ ಮಂದಿಗೆ ನೆನಪಾಗುವ ಪ್ರಾಣಿ. ಬೇಸಿಗೆಯಲ್ಲಿ ನೀರು ಬಿಡ್ರಿ ಎಂದು ಬೈಯುತ್ತಾರೆ, ಮಳೆಗಾಲದಲ್ಲಿ ಬಿಡಬ್ಯಾಡ್ರಿ ಎಂದು ಬೈಯುತ್ತಾರೆ. ಉಳಿದ ದಿನ ನಾವು ಗೇಟಿಗೆ ಗ್ರೀಸ್ ಹಚ್ಚಿಸುತ್ತ, ಗೋಡೆಯೊಳಗಿನ ಸುರಂಗದಲ್ಲಿ ಎಷ್ಟು ನೀರು ಜಿನುಗಿತು ಎಂದು ಅಳೆದು ಬರೆಯುತ್ತ ಇರುತ್ತೇವೆ.

ಆ ವರ್ಷ ಆಷಾಢವೆಲ್ಲ ಒಣಗಿ ಹೋಯಿತು. ಶ್ರಾವಣ ಹುಟ್ಟಿದ್ದೇ ಘಟ್ಟದ ಮೇಲೆ ಆಕಾಶ ಹರಿದುಬಿತ್ತು. ಮೂರು ದಿನ ಮಳೆಯಲ್ಲದೆ ಬೇರೆ ಸದ್ದು ಕೇಳಲಿಲ್ಲ. ಜಲಾಶಯದ ಆಚೆ ದಂಡೆ ಕಾಣಿಸದಾಯಿತು. ಗಂಟೆಗೊಮ್ಮೆ ಮಟ್ಟ ಬರೆಯುವ ನೌಕರ ಹುದ್ದರಿ, ಛತ್ರಿ ಬಿಟ್ಟು ಗೋಣಿಚೀಲ ಹೊದ್ದು ಓಡಾಡತೊಡಗಿದ. ಗೇಟುಗಳನ್ನು ಆಗಲೇ ಸ್ವಲ್ಪ ಎತ್ತಿದ್ದೆವು. ಕೆಳಗಿನ ಹಳ್ಳಕೊಳ್ಳಗಳೆಲ್ಲ ತುಂಬಿ ಬಂದದ್ದರಿಂದ ಸಾಂಗ್ಲಿಯಲ್ಲಿ ಹೊಳೆ ಅಷ್ಟರಲ್ಲೇ ದಡ ಬಿಟ್ಟಿತ್ತು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ನಾನು ಗೇಟುಗಳನ್ನು ಇನ್ನೂ ಎರಡು ಅಡಿ ಎತ್ತಬೇಕಾಗಿತ್ತು. ಯಾವ ಮಟ್ಟಕ್ಕೆ ಎಷ್ಟು ನೀರು ಬಿಡಬೇಕು ಎಂಬ ಕೋಷ್ಟಕ ಹಾಗೆ ಹೇಳುತ್ತಿತ್ತು. ದೊಡ್ಡ ಸಾಹೇಬರಿಗೆ ಫೋನ್ ಮಾಡಿದೆ. ಅವರು ಮರಾಠಿಯಲ್ಲಿ, ಬಹಳ ಮೃದುವಾಗಿ, "ಸ್ಥಳದಲ್ಲಿ ಇರುವವರು ನೀವು, ನಿಮ್ಮ ವಿವೇಕಕ್ಕೆ ಬಿಟ್ಟಿದ್ದೇನೆ" ಎಂದರು. ಸರ್ಕಾರಿ ನೌಕರಿಯಲ್ಲಿ ವಿವೇಕ ಎಂಬ ಮಾತು ಬಂತೆಂದರೆ ಕುತ್ತಿಗೆ ನಮ್ಮದು ಎಂದೇ ತಿಳಿಯಬೇಕು. ನಾವು ಹೆಚ್ಚುವರಿ ನೀರು ಬಿಡುವ ಹುಕುಮು ಬರೆದೆವೆಂದರೆ ಅದೇ ಗಳಿಗೆಗೆ ಕೆಳಗಿನ ಎಲ್ಲ ಊರಿಗೆ ಎಚ್ಚರಿಕೆ ಹೋಗುತ್ತದೆ. ನೀರು ಸಾಂಗ್ಲಿ ಮುಟ್ಟಲು ಸುಮಾರು ಒಂದು ದಿನ ಬೇಕು. ಆ ಒಂದು ದಿನವೇ ಮಂದಿಗೆ ಸಿಗುವ ಸಮಯ.

ಹುಕುಮಿನ ಪುಸ್ತಕ ತೆರೆದು ಪೆನ್ನು ತೆಗೆದಿದ್ದೆ, ಕಾಕಾನ ಫೋನ್ ಬಂತು.

"ಅಜಿತ್ಯಾ, ಓಣ್ಯಾಗ ಮೊಣಕಾಲತನ ನೀರು ಬಂದೈತಿ. ಮಂದಿ ಕೇಳಾಕತ್ತಾರ, ಹೋಗೂದೋ ಇರೂದೋ ಅಂತ."

"ನೀವೇನ್ ಅಂದ್ರಿ ಕಾಕಾ?"

"ಏನ್ ಅನ್ನೂದು? ಗೆರಿಗೆ ಇನ್ನೂ ಭಾಳ ಅಂತರ ಐತಿ ಅಂದೆ. ಮ್ಯಾಲ ಧರಣದ ಮ್ಯಾಲ ನಮ್ಮ ಹುಡುಗ ಕುಂತಾನ, ನಾ ಮನ್ಯಾಗ ಇರೂತನ ಅಂವಾ ನಮ್ಮನ್ನ ಮುಳುಗಸ್ತಾನೇನು ಅಂದೆ. ಎಲ್ಲಾರೂ ಸುಮ್ಮ ಅಟ್ಟಕ್ಕ ಸಾಮಾನು ಏರ್ಸಾಕತ್ತಾರ."

ಕಾಕಾ ನಕ್ಕರು. ಹಿಂದೆ ಕಾಕೂನ ದನಿ ಕೇಳಿಸಿತು, "ಉಂಡಾನೋ ಇಲ್ಲೋ ಕೇಳ್ರಿ ಅವನಿಗೆ" ಎಂದು. ನಾನು "ನೋಡ್ತೀನ್ರಿ ಕಾಕಾ, ಮತ್ತ ಫೋನ್ ಮಾಡ್ತೀನಿ" ಎಂದು ಇಟ್ಟೆ.

ಪೆನ್ನಿನ ಮುಚ್ಚಳ ಹಾಕಿದೆ.

ಯಾಕೆ ಹಾಕಿದೆ ಎಂಬುದಕ್ಕೆ ಕಾರಣ ಬರೆದಿಟ್ಟಿದ್ದೇನೆ, ಈಗಲೂ ಕಡತದಲ್ಲಿರಬೇಕು. ಮಧ್ಯಾಹ್ನದ ಹೊತ್ತಿಗೆ ಮಳೆ ಇಳಿಯುವ ಸಂಭವ ಇದೆ ಎಂದು ಹವಾಮಾನದವರು ಹೇಳಿದ್ದರು. ಸಾಂಗ್ಲಿಯಲ್ಲಿ ಹೊಳೆ ಈಗಾಗಲೇ ತುಂಬಿದೆ, ಅದು ಸ್ವಲ್ಪ ಇಳಿದ ಮೇಲೆ ಬಿಟ್ಟರೆ ಹಾನಿ ಕಡಿಮೆ. ಎರಡೂ ಸುಳ್ಳಲ್ಲ. ಆದರೆ ಆ ಕಾರಣಗಳು ನನಗೆ ಹೊಳೆದದ್ದು ಫೋನ್ ಇಟ್ಟ ಮೇಲೆ. ಇದನ್ನು ಮಾತ್ರ ನಾನು ಕಡತದಲ್ಲಿ ಬರೆಯಲಿಲ್ಲ.

ಗೇಟು ನಡೆಸುವ ರಸೂಲ್‌ಭಾಯಿ ಬಾಗಿಲಲ್ಲಿ ಬಂದು ನಿಂತರು. ಮಿರಜದವರು, ಮನೆತನ ಸಿತಾರು ಮಾಡುವವರದು, ನನಗಿಂತ ಹಿರಿಯರು. ಮರಾಠಿ ಮುಲುಕಿನ ಆ ಮೂಲೆಯಲ್ಲಿ ನಾವಿಬ್ಬರೇ ಕನ್ನಡ ಮಾತಾಡುವವರು.

"ಸಾಹೇಬ್, ನೀರು ಭಾಳ ಜೋರ್ ಏರಾಕತ್ತೈತ್ರಿ. ಎತ್ತೂಣ್ರಿ?"

"ತಡೀರಿ ರಸೂಲ್‌ಭಾಯಿ. ಮಧ್ಯಾಹ್ನ ನೋಡೂಣು."

 ಅವರು ನನ್ನ ಮುಚ್ಚಿದ ಪೆನ್ನಿನ ಕಡೆ ನೋಡಿ ಗೇಟಿನ ಮನೆಗೆ ಹೋದರು.

ಹನ್ನೆರಡಾಯಿತು. ಮಳೆ ಇಳಿಯಲಿಲ್ಲ. ಒಂದಾಯಿತು. ಜಲಾಶಯ ಗಂಟೆಗೆ ಎಷ್ಟು ಏರಬಹುದು ಎಂದು ನಾನು ಅಂದಾಜು ಹಾಕಿದ್ದೆನೋ ಅದಕ್ಕಿಂತ ಹೆಚ್ಚೇ ಏರುತ್ತಿತ್ತು. ಎರಡು ಸಲ ಹೊರಗೆ ಹೋಗಿ ಗೋಡೆಯ ಮೇಲಿನ ಗುರುತು ನಾನೇ ನೋಡಿ ಬಂದೆ, ಹುದ್ದರಿ ತಪ್ಪು ಬರೆದಿರಬಹುದು ಎಂಬ ಆಸೆಯಿಂದ. ಅವನು ಸರಿಯಾಗಿಯೇ ಬರೆದಿದ್ದ. ಧರಣದ ಗೋಡೆಗೂ ಒಂದು ಗೆರೆ ಇರುತ್ತದೆ. ಅದನ್ನು ನೀರು ದಾಟಿದರೆ ಆಮೇಲೆ ಸಾಂಗ್ಲಿವಾಡಿಯ ಮಾತು ಒತ್ತಟ್ಟಿಗಿರಲಿ, ಸಾಂಗ್ಲಿಯೂ ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ದರಿಯ ಅಂಚಿಗೆ ನನ್ನ ಕಾಲ ಮೇಲೆ ನಾನೇ ನಡೆದು ಬಂದಿದ್ದೆ.  ಚಹಾದ ಬಟ್ಟಲು ಸರಿಸಿ ಲೆಕ್ಕದ ಕಾಗದ ಎಳೆದುಕೊಂಡೆ.

ನಾಲ್ಕು ಗಂಟೆಗೆ ಲೆಕ್ಕ ಮುಗಿಯಿತು. ಬೆಳಿಗ್ಗೆ ಎರಡು ಅಡಿ ಎತ್ತಿದ್ದರೆ ಸಾಕಾಗುತ್ತಿದ್ದ ಗೇಟನ್ನು ಈಗ ಆರು ಅಡಿ ಎತ್ತಬೇಕು. ಆ ನೀರು ನಾಳೆ ಸಂಜೆಗೆ ಪೂಲಿನ ಹತ್ತಿರ ಎಲ್ಲಿಯವರೆಗೆ ಏರುತ್ತದೆ ಎಂದು ಬರೆದೆ. ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಬರೆದೆ. ಅದು ಯಾವ ಕೋಷ್ಟಕದಲ್ಲೂ ಇರಲಿಲ್ಲ, ನನಗೆ ಬಾಯಿಪಾಠವಿತ್ತು: ಕಾಕಾನ ಪಡಸಾಲೆಯ ಕೆಂಪು ಗೆರೆಯ ಮಟ್ಟ. ನಾಳೆಯ ನೀರು ಅದಕ್ಕಿಂತ ಒಂದು ಮೊಳ ಮೇಲೆ. ಅಟ್ಟವೂ ಮುಳುಗುತ್ತದೆ.

ಹುಕುಮಿಗೆ ಸಹಿ ಮಾಡುವ ಮೊದಲು ಕಾಕಾಗೆ ಫೋನ್ ಮಾಡಿದೆ. ನಾಲ್ಕನೆಯ ಸಲಕ್ಕೆ ಹತ್ತಿತು.

"ಕಾಕಾ, ಈಗಿಂದೀಗ ಹೊರಗ ಬೀಳ್ರಿ. ಓಣಿ ಮಂದಿನೆಲ್ಲಾ ಕರಕೊಂಡು ಹೋಗ್ರಿ."

"ಯಾಕ? ಗೆರಿಗೆ ಇನ್ನ ಎರಡು ಗೇಣು ಐತಲ್ಲಪಾ. ಅಟ್ಟದ ಮ್ಯಾಲ ಆರಾಮ ಅದೇವಿ. ಈಗ ಹೊರಗ ಎದಿತನ ನೀರು, ಸೆಳವು ಬ್ಯಾರೆ. ಎಮ್ಮಿ ಹೆಂಗ ಹೋಗ್ತಾವ? ಗೌರಿ ಗಬ್ಬ ಐತಿ."

"ಕಾಕಾ, ನೀರು ಗೆರಿ ದಾಟತೈತ್ರಿ."

"ನೀನ ಹೇಳಿದ್ದಲ್ಲ, ದಾಟಂಗಿಲ್ಲ ಅಂತ?"

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ನನ್ನ ಮಾತನ್ನು ನನಗೇ ನೆನಪು ಮಾಡಿ ಧೈರ್ಯ ಕೊಡುತ್ತಿದ್ದರು. ನನಗೆ ಅಳು ಬಂತು, ಅದಕ್ಕೆ ಕೂಗಿದೆ.

"ಗೆರಿ ಎಳದಾಂವ ನಾನ ಕಾಕಾ! ನೀರು ಬಿಡಾಂವನೂ ನಾನ! ಇವತ್ತ ನಾ ಬಿಡೂ ನೀರು ಅದರ ಮ್ಯಾಲ ಒಂದು ಮೊಳ ಹೋಗತೈತಿ. ಆ ಗೆರಿ ಖೋಟಿ ಐತಿ. ಅವತ್ತ ನಾ ಸುಳ್ಳ ಹೇಳಿದ್ದೆ."

 ಕಾಕಾ ಬಹಳ ಮೆತ್ತಗೆ ಕೇಳಿದರು.

"ನಾ ಮನ್ಯಾಗ ಅದೇನಿ ಅಂತ ಗೊತ್ತಿದ್ದೂ ಬಿಡ್ತಿ?"

"ಹೂಂ."

ಫೋನ್ ಕಡಿದುಹೋಯಿತು. ಅವರೇ ಇಟ್ಟರೋ ತಾನೇ ಕಡಿಯಿತೋ ತಿಳಿಯಲಿಲ್ಲ. ಮತ್ತೆ ಮಾಡಿದರೆ ಹತ್ತಲಿಲ್ಲ. ನಾನು ಸಹಿ ಮಾಡಿದೆ, ವೇಳೆ ಬರೆದೆ: ನಾಲ್ಕು ಗಂಟೆ ಹತ್ತು ನಿಮಿಷ. ಎಚ್ಚರಿಕೆಯ ಭೋಂಗಾ ಕೂಗಿತು. ಆ ಕೂಗನ್ನು ನೂರು ಸಲ ಕೇಳಿದ್ದೆ, ಅಂದು ಕಿವಿ ಮುಚ್ಚಿಕೊಂಡೆ. ರಸೂಲ್‌ಭಾಯಿ ಒಂದೊಂದೇ ಗೇಟು ಎತ್ತಿದರು. ಕಾಲ ಕೆಳಗಿನ ಕಾಂಕ್ರೀಟು ನಡುಗಿತು, ಎದುರಿಗೆ ನೀರಿನ ಹೊಗೆ ಎದ್ದು ಗುಡ್ಡ ಮರೆಯಾಯಿತು. ಎಲ್ಲ ಎತ್ತಿದ ಮೇಲೆ ಅವರು ನನ್ನ ಹತ್ತಿರ ಬಂದರು.

"ನಿಮ್ಮ ಮಂದಿ ಅಲ್ಲೇ ಅದಾರ್ರಿ?"

"ಹೂಂ ಭಾಯಿ."

"ಬೆಳಿಗ್ಗೇನ ಹೇಳಿದ್ರ..." ಎಂದು ಶುರು ಮಾಡಿ ಬಾಯಿ ಮುಚ್ಚಿಕೊಂಡರು. ಆಮೇಲೆ ತಮ್ಮ ಡಬ್ಬಿಯಿಂದ ಅರ್ಧ ಜೋಳದ ಭಾಕ್ರಿ ಮುರಿದು ನನ್ನ ಕೈಗೆ ಇಟ್ಟರು. 

ಮರುದಿನ ಬುಧವಾರ. ಸಾಂಗ್ಲಿಯ ಯಾವ ಫೋನೂ ಹತ್ತುತ್ತಿರಲಿಲ್ಲ. ನಾನು ಗಡಿಯಾರ ನೋಡುತ್ತ ಕೂತೆ. ನೀರು ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಎಂದು ಗೊತ್ತಿರುವುದು ಇಂಜಿನಿಯರ್‌ಗೆ ಬಂದ ಶಾಪ. ಮಧ್ಯಾಹ್ನ ಮೂರಕ್ಕೆ ನನ್ನ ನೀರು ಪೂಲಿಗೆ ಮುಟ್ಟಿರಬೇಕು. ನಾಲ್ಕೂವರೆಗೆ ಗೆರೆಗೆ. ಐದಕ್ಕೆ ಅಟ್ಟಕ್ಕೆ. ಕಾಕಾ ಊಟಕ್ಕೆ ಕೂರುವ ಹೊತ್ತು ಅದು. ಬಾಗಿಲು ಹಾಕಿಕೊಂಡು ಅತ್ತೆ. ಹೊರಗೆ ಬಂದಾಗ ಗೇಟು ಅರ್ಧ ಅಡಿ ಇಳಿಸಬಹುದೇ ಎಂದು ಕೇಳಲು ಹುದ್ದರಿ ನಿಂತಿದ್ದ. ಮಟ್ಟ ಬರೆದ ಕಾಗದ ಇಸಿದುಕೊಂಡು ಲೆಕ್ಕಕ್ಕೆ ಕೂತೆ.

ಶುಕ್ರವಾರ ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಸುನೀತಾ.

"ದಾದಾ, ಮಿರಜದಾಗ ಅದೇವಿ. ಶಾಳೆದಾಗ ಇಟ್ಟಾರ. ಸಗಳೇ ಬಂದೇವಿ. ಓಣಿಯವ್ರು ಎಲ್ಲಾರೂ."

ನಾನು ಕುರ್ಚಿಯ ಮೇಲಿಂದ ನೆಲಕ್ಕೆ ಇಳಿದು ಕೂತೆ. ಅವಳು ಹೇಳಿದಳು. ನನ್ನ ಫೋನ್ ಕಡಿದ ಮೇಲೆ ಕಾಕಾ ಒಂದು ಗಳಿಗೆ ಗೆರೆಯನ್ನೇ ನೋಡುತ್ತ ಕೂತರಂತೆ. ಆಮೇಲೆ ಧೋತರ ಕಚ್ಚೆ ಬಿಗಿದು ನೀರಿಗೆ ಇಳಿದರಂತೆ. ಬಾಗಿಲಿನಿಂದ ಬಾಗಿಲಿಗೆ ಹಗ್ಗ ಕಟ್ಟುತ್ತ, ಎದೆಮಟ್ಟದ ಸೆಳವಿನಲ್ಲಿ ಒಂದೊಂದೇ ಮನೆಗೆ ಹೋಗಿ ಕೂಗಿದರಂತೆ: "ಗೆರಿ ಖೋಟಿ ಐತಿ! ಹೊರಗ ಬರ್ರಿ! ನಮ್ಮ ಅಜಿತ ಹೇಳ್ಯಾನ, ಗೆರಿ ಖೋಟಿ ಐತಿ!" ಇಪ್ಪತ್ತು ವರ್ಷ ಆ ಗೆರೆಗೆ ತಾವೇ ಬಣ್ಣ ಹಾಕಿಸಿದ್ದ ಮನುಷ್ಯ. ಬೋಟಿನವರು ಬಂದು ಹತ್ತಿಸಿಕೊಳ್ಳುವಾಗ ಎಲ್ಲರಿಗಿಂತ ಕೊನೆಗೆ ಹತ್ತಿದರಂತೆ.

"ಮತ್ತ ಎಮ್ಮಿ?" ಎಂದೆ.

"ಬೋಟಿನ್ಯಾಗ ಹೆಂಗ ತರೂದು ದಾದಾ? ಅಪ್ಪಾ ಕಣ್ಣಿ ಕೊಯ್ದು ಬಿಟ್ಟ."

ನೀರು ಇಳಿದ ಮೇಲೆ ಒಂದು ದಿನದ ರಜೆ ಹಾಕಿ ಸಾಂಗ್ಲಿವಾಡಿಗೆ ಹೋದೆ. ಅಷ್ಟರಲ್ಲಿ ಆಫೀಸಿನಿಂದ ನನಗೆ ಶಾಬಾಸ್ ಪತ್ರವೂ ಬಂದಿತ್ತು, ಕಠಿಣ ಪರಿಸ್ಥಿತಿಯನ್ನು ಸಮರ್ಥವಾಗಿ ನಿಭಾಯಿಸಿದ್ದಕ್ಕೆ. ಅದು ಕಿಸೆಯಲ್ಲಿತ್ತು. ಓಣಿಯ ತುಂಬ ರಾಡಿ. ಪ್ರತಿ ಮನೆಯ ಮುಂದೆ ಹಾಸಿಗೆ, ಕಪಾಟು, ನೆನೆದ ಅರಿಶಿನದ ಗುಡ್ಡೆ. ಮಂದಿ ನನ್ನನ್ನು ಕಂಡು ಬೈಯಲಿಲ್ಲ. "ಸಾಹೇಬ್ರ ಫೋನ್ ಬಂದದ್ದಕ್ಕ ಉಳದೇವಿ" ಎಂದು ಕೈ ಮುಗಿದರು. ಬೈದಿದ್ದರೆ ಬೇಕಾಗಿತ್ತು.

ಕಾಕಾ ಗೋಠಾದಲ್ಲಿ ಸಲಿಕೆಯಿಂದ ರಾಡಿ ಎತ್ತುತ್ತಿದ್ದರು. ಗೌರಿಯ ಮಗಳು ತಾನೇ ಈಜಿ ಹೋಗಿ ಎಲ್ಲೋ ದಡ ಹತ್ತಿತ್ತು, ಯಾರೋ ಹಿಡಿದು ತಂದು ಕೊಟ್ಟಿದ್ದರು. ಗೌರಿ ಬಂದಿರಲಿಲ್ಲ. ಹೊಟ್ಟೆಯಲ್ಲಿ ಕರು ಇಟ್ಟುಕೊಂಡು ಅದು ಎಷ್ಟು ದೂರ ಈಜಿತು? ಅದರ ಗೂಟ ಹಾಗೇ ಇತ್ತು, ಕೊಯ್ದ ಕಣ್ಣಿಯೊಂದಿಗೆ. ನಾನೂ ಒಂದು ಸಲಿಕೆ ತೆಗೆದುಕೊಂಡೆ. ಸಂಜೆಯವರೆಗೆ ಇಬ್ಬರೂ ರಾಡಿ ಹೊತ್ತೆವು.

ಹೊತ್ತು ಮುಳುಗುವ ಮೊದಲು ಕಾಕೂ ಊಟಕ್ಕೆ ಬಡಿಸಿದರು, ಪರಾತದಲ್ಲಿ ಬರೀ ಭಾಕ್ರಿ, ಝುಣಕ. ಪಡಸಾಲೆಯ ಗೋಡೆಯಲ್ಲಿ ಕೆಂಪು ಗೆರೆ ಇನ್ನೂ ಇತ್ತು. ಅದರ ಮೇಲೆ ಒಂದು ಮೊಳ ಬಿಟ್ಟು ಒದ್ದೆ ಕಲೆ. ನನ್ನ ಲೆಕ್ಕ ಎರಡು ಬೆರಳೂ ತಪ್ಪಿರಲಿಲ್ಲ. ಕಾಕಾ ತುತ್ತು ಮುರಿಯುತ್ತ ಕೇಳಿದರು.

"ಅಜಿತ್ಯಾ, ಒಂದು ಕೇಳ್ಲ್ಯಾ? ನೀರು ಬಿಡೂದು ನಿನಗ ಎಷ್ಟ ಗಂಟೆಕ್ಕ ಗೊತ್ತಾಗಿತ್ತು?"

ಕಿಸೆಯಲ್ಲಿ ಪತ್ರವಿತ್ತು, ಕಡತದಲ್ಲಿ ಕಾರಣವಿತ್ತು. ಹವಾಮಾನದವರ ಮೇಲೆ ಹೇಳಿದ್ದರೆ ನಂಬುತ್ತಿದ್ದರು. ನಾನು ಏನು ಹೇಳಿದರೂ ನಂಬುವ ಮನುಷ್ಯ ಅವರು, ಅದೇ ಅಲ್ಲವೇ ತೊಂದರೆಯಾದದ್ದು.

"ಬೆಳಿಗ್ಗೆ ಎಂಟಕ್ಕ ಕಾಕಾ."

"ನಾ ಫೋನ್ ಮಾಡಿದಾಗ?"

"ಹೂಂ. ಪೆನ್ನು ಕೈಯಾಗಿತ್ತು. ನೀವು ಮನ್ಯಾಗ ಅದೀರಿ ಅಂತ ಕೇಳಿ ಇಟ್ಟಬಿಟ್ಟೆ. ನಿಮ್ಮ ಮ್ಯಾಲ ನೀರು ಬಿಡಾಕ ಮನಸ್ಸಾಗಲಿಲ್ರಿ."

ಕಾಕೂ ಬಡಿಸುವ ಕೈ ನಿಲ್ಲಿಸಿದರು. ಕಾಕಾ ಮುರಿದ ತುತ್ತನ್ನು ಪರಾತದಲ್ಲೇ ಬಿಟ್ಟು ಗೋಠಾದ ಕಡೆ ನೋಡಿದರು.

"ಎಂಟಕ್ಕ ಮೊಣಕಾಲತನ ಇತ್ತು. ಗೌರಿ ನಡಕೋತ ಬರ್ತಿತ್ತು" ಎಂದರು.

ಅಷ್ಟೇ. ಬೈಗುಳ ಇಲ್ಲ, ದನಿ ಏರಿಸಲಿಲ್ಲ. ಆ ಒಂದು ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಆಮೇಲೆ ಅವರೇ ನನ್ನ ಪರಾತವನ್ನು ಹತ್ತಿರ ಸರಿಸಿದರು.

"ಉಣ್ಣು, ಹೊತ್ತು ಮುಳುಗತೈತಿ. ತಪ್ಪು ನಂದೂ ಐತಿ. ನಾ ಕುಂತ್ರ ನೀ ಬಿಡಂಗಿಲ್ಲ ಅಂತ ಗೊತ್ತಿದ್ದ ಕುಂತಿದ್ದೆ. ಇನ್ನ ಮುಂದ ನಾ ಮನ್ಯಾಗ ಅದೇನೋ ಇಲ್ಲ ಅಂತ ನೋಡಬ್ಯಾಡ. ಲಗೂ ಹೇಳು, ಲಗೂ ಬಿಡು."

ಮರುವರ್ಷದಿಂದ ಒಂದು ಪದ್ಧತಿ ಶುರುವಾಯಿತು. ಘಟ್ಟದ ಮೇಲೆ ಮಳೆ ಜೋರಾಯಿತು ಎಂದು ಟಿವಿಯಲ್ಲಿ ಬಂದರೆ ಸಾಕು, ಕಾಕಾ ಕಾಗದಪತ್ರದ ಚೀಲ ಹೆಗಲಿಗೆ ಹಾಕಿ, ಗೌರಿಯ ಮಗಳನ್ನು ಹೊಡೆದುಕೊಂಡು ಮಾಲಗಾಂವಕ್ಕೆ ನಮ್ಮ ಮನೆಗೆ ಹೋಗಿಬಿಡುತ್ತಿದ್ದರು. ಹೋಗಿ ನನಗೆ ಫೋನ್: "ನಾವು ಹೊರಗ ಬಂದೇವಿ. ನೀ ಬಿಡು." ಗೇಟು ಎತ್ತುವ ಮಾತೇ ಇಲ್ಲದ ವರ್ಷವೂ ಬಂತು ಈ ಫೋನ್. ಓಣಿಯವರು ನಕ್ಕರು, "ಬಾಳೂ ಕಾಕಾ ಹನಿ ಬಿದ್ರ ಗಂಟು ಕಟ್ಟತಾನ" ಎಂದರು. ನಾನು ನಗಲಿಲ್ಲ. ಆಮೇಲಿನ ನನ್ನ ನೌಕರಿಯಲ್ಲಿ ಒಂದು ಹುಕುಮಿಗೂ ಒಂದು ಗಳಿಗೆ ತಡ ಮಾಡಲಿಲ್ಲ. ಗೆರೆಗೆ ಮಾತ್ರ ಮತ್ತೆ ಬಣ್ಣ ಬೀಳಲಿಲ್ಲ, ಅದನ್ನು ಯಾರೂ ಕೆರೆಯಲೂ ಇಲ್ಲ. ಅದರ ಮೇಲೆ ಸುಣ್ಣ ಬಳಿಯುತ್ತಿದ್ದರು, ಅದು ಮತ್ತೆ ಕಾಣಿಸುತ್ತಿತ್ತು.

ಮೊನ್ನೆ ನಾನು ತೂಗುಮಂಚದ ಮೇಲೆ ಇದನ್ನೆಲ್ಲ ನೆನೆಯುತ್ತ ಕೂತಿರುವಾಗ ಹೊರಗೆ ಹಿಂಗಾರಿನ ಗುಡುಗು ಹೊಡೆಯಿತು. ತಗಡಿನ ಮೇಲೆ ನಾಲ್ಕು ದಪ್ಪ ಹನಿ ಬಿದ್ದವು. ಕಿವಿ ಮಂದವಾದ ಕಾಕಾ ಅದನ್ನು ಹೇಗೋ ಕೇಳಿಸಿಕೊಂಡರು.

"ಅಜಿತ್ಯಾ, ಧರಣ ತುಂಬೇತೇನು?"

ನಾನು ನಿವೃತ್ತನಾಗಿ ಮೂರು ವರ್ಷವಾಯಿತು. ಈಗ ಅಲ್ಲಿ ಕೂತಿರುವ ಸಾಹೇಬನ ಹೆಸರೂ ನನಗೆ ಗೊತ್ತಿಲ್ಲ. ಗೋಠಾದಲ್ಲಿ ಎಮ್ಮೆಯಿಲ್ಲ, ಸುನೀತಾಳ ಸ್ಕೂಟರ್ ನಿಂತಿದೆ. ಸುನೀತಾ ನನ್ನ ಕಡೆ ನೋಡಿ, ಅಪ್ಪನಿಗೆ ನೆನಪಿಲ್ಲ ಎಂಬಂತೆ ತಲೆಯಾಡಿಸಿದಳು.

"ತುಂಬೇತ್ರಿ ಕಾಕಾ" ಎಂದೆ. "ನೀರು ಬಿಡಬೇಕು. ಹೊರಗ ಬರ್ರಿ."

ಕಾಕಾ ನನ್ನ ಭುಜ ಹಿಡಿದು ಎದ್ದರು. ಗೂಟಕ್ಕೆ ಹಾಕಿದ್ದ ಚೀಲ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ನಿಧಾನಕ್ಕೆ ಹೊಸ್ತಿಲು ದಾಟಿ ಹೊರಗಿನ ಕಟ್ಟೆಯ ಮೇಲೆ ಕೂತರು. ಮಳೆ ಅಷ್ಟರಲ್ಲೇ ನಿಂತಿತ್ತು.

"ಬಂದೇನಿ. ಬಿಡು" ಎಂದರು. ಆಮೇಲೆ ನನ್ನ ಕೈ ಹಿಡಿದು, "ಈ ಸಲ ಲಗೂ ಹೇಳಿದಿ. ಗೌರಿನೂ ನಡಕೋತ ಬಂತು ನೋಡು" ಎಂದರು.

ನಾನು ಒಳಗೆ ಹೋಗಿ ಸುನೀತಾಳ ಕೈಯಿಂದ ಪಟ್ಟಿ ಇಸಿದುಕೊಂಡೆ. ಈ ಮೂಲೆಯಿಂದ ಆ ಮೂಲೆಯವರೆಗೆ ಕೆಳಗಿನ ಗೆರೆಯನ್ನು ಕೆರೆದು ತೆಗೆದೆ. ಮೇಲಿನದನ್ನು ಮುಟ್ಟಲಿಲ್ಲ.